ಲಾಟು ನಂಬರು ಎಪ್ಪತ್ತೆಂಟು

ಅಪ್ಪನ ಗ್ರಾಮಫೋನು ತಪ್ಪು ನುಡಿಯುತ್ತಿದೆ ಎಂದು ಅಪ್ಪನ ಮುಖಕ್ಕೇ ಹೇಳಿದ ದಿನ ನನಗೆ ಹದಿನಾರು ವರ್ಷ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಆದವಾನಿಯಲ್ಲಿ ಅಪ್ಪನದು ಹತ್ತಿ ವ್ಯಾಪಾರ. ಮಳೆ ತಪ್ಪಬಹುದು, ತಕ್ಕಡಿ ತಪ್ಪಬಹುದು, ವಿಲಾಯತಿ ಯಂತ್ರ ಮಾತ್ರ ತಪ್ಪುವುದಿಲ್ಲ ಎಂದು ನಂಬಿದ್ದ ಮನುಷ್ಯ ಅವರು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿದ್ದ ಮಗಳು ನಾನು.

ಮುಂಬಯಿಯಿಂದ ಬಂದಿದ್ದ ಹತ್ತಿ ಏಜೆಂಟನೊಬ್ಬ ಊರು ಬಿಡುವಾಗ ಅಪ್ಪನಿಗೆ ಒಂದು ದೊಡ್ಡ ತಟ್ಟೆ ಕೊಟ್ಟುಹೋಗಿದ್ದ. ರೆಕಾರ್ಡಿಗೆ ನಾವು ತಟ್ಟೆ ಎನ್ನುತ್ತಿದ್ದೆವು. ಅದರಲ್ಲಿ ಹಾಡಿಲ್ಲ, ಮಾತಿಲ್ಲ. ಐವತ್ತೋ ಅರವತ್ತೋ ಜನ ಒಟ್ಟಿಗೆ ಕೂತು ಪಿಟೀಲು, ಕೊಳಲು, ಕಹಳೆ ನುಡಿಸುವ ಸದ್ದು. ನಡುವೆ ಕೋಮಲ ಗಾಂಧಾರ ಹಾದುಹೋದಾಗ ನನಗೆ ಮೈ ಜುಮ್ಮೆನ್ನುತ್ತಿತ್ತು. ಆದರೆ ಇಡೀ ಸಂಗೀತ ರೈಲು ತಪ್ಪೀತು ಎನ್ನುವವರ ಹಾಗೆ ಓಡುತ್ತಿತ್ತು. ಅಪ್ಪ ಅದನ್ನು 'ಬ್ಯಾಂಡಿನ ತಟ್ಟಿ' ಎಂದು ಕರೆದು ಬಂದವರಿಗೆಲ್ಲ ಕೇಳಿಸುತ್ತಿದ್ದರು.

ಆಗ ನಾನು ಹಾರ್ಮೋನಿಯಂ ಕಲಿಯುತ್ತಿದ್ದೆ. ಕಲಿಸುತ್ತಿದ್ದ ಮಾಸ್ತರು ನಾಟಕ ಕಂಪನಿಯೊಂದು ಮುಚ್ಚಿದ ಮೇಲೆ ನಮ್ಮೂರಲ್ಲೇ ಉಳಿದವರು. ಪೆಟ್ಟಿಗೆಯೂ ಅವರದೇ, ನನ್ನ ಅಭ್ಯಾಸಕ್ಕೆಂದು ನಮ್ಮ ಮನೆಯಲ್ಲಿ ಬಿಟ್ಟಿದ್ದರು. ಒಂದು ದಿನ ಊಟ ಮಾಡುತ್ತಾ ಅಪ್ಪ ಅಂದರು: "ಎರಡು ವರ್ಸ ಕಲಿತಿ. ಐತಾರ ಆ ಬ್ಯಾಂಡಿನ ತಟ್ಟಿಗೆ ಶ್ರುತಿ ಹಿಡಿದು ತೋರ್ಸು. ಆಗಲಿಲ್ಲಂದ್ರ ಪೆಟ್ಟಿಗಿ ಮಾಸ್ತರ ಮನಿಗೆ, ನೀ ಅಡಿಗಿ ಮನಿಗೆ."

ಹಾರ್ಮೋನಿಯಂನಲ್ಲಿ ಬೆರಳಿಂದ ಒತ್ತುವ ಮನೆಗಳನ್ನು ಬಿಳಿ ಒಂದು, ಕಪ್ಪು ಒಂದು ಎಂದು ಎಣಿಸುತ್ತೇವೆ. ಆ ತಟ್ಟೆಯ ಷಡ್ಜ ನನಗೆ ಎಲ್ಲಿಯೂ ಸಿಗಲಿಲ್ಲ. ಕಪ್ಪು ಎರಡು ಒತ್ತಿದರೆ ತಟ್ಟೆ ಮೇಲೆ, ಅದರ ಪಕ್ಕದ ಬಿಳಿ ಮೂರು ಒತ್ತಿದರೆ ತಟ್ಟೆ ಕೆಳಗೆ. ನಡುವೆ ಮನೆಯೇ ಇಲ್ಲವಲ್ಲ! ಮೂರು ದಿನ ಅನ್ನ ರುಚಿಸಲಿಲ್ಲ.

ಭಾನುವಾರ ಬಂತು. ಅಪ್ಪ ಕುರ್ಚಿಯಲ್ಲಿ, ಮಾಸ್ತರು ಕಂಬದ ಬಳಿ, ಅವ್ವ ಬಾಗಿಲಲ್ಲಿ. ತಟ್ಟೆ ಓಡಿತು, ನಾನು ತಡಕಾಡಿದೆ, ಕಿವಿ ಕಚ್ಚುವ ಹಾಗೆ ಅಪಸ್ವರ ಬಂತು.

"ಏಮಿ ಮಾಸ್ಟರುಗಾರೂ," ಎಂದು ತೆಲುಗಿನಲ್ಲಿ ಕರೆದರು ಅಪ್ಪ, "ಪೆಟ್ಟಿಗಿ ಕೆಟ್ಟೈತೋ, ಹುಡುಗಿ ಕೆಟ್ಟಾಳೋ?"

ಮಾಸ್ತರು ನೆಲ ನೋಡಿದರು. ನನಗೆ ತಡೆಯಲಿಲ್ಲ. "ಎರಡೂ ಕೆಟ್ಟಿಲ್ಲಪ್ಪಾ, ನಿಮ್ಮ ಯಂತ್ರ ಕೆಟ್ಟೈತಿ!"

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ತಟ್ಟೆಯನ್ನು ಎತ್ತಿ ನನ್ನ ಮೂಗಿನ ಮುಂದೆ ಹಿಡಿದರು. "ವಿಲಾಯತಿ ಮಾಲು ಇದು. ಎಲ್ಲಿ ಕೆಟ್ಟೈತಿ ತೋರ್ಸು."

ತಟ್ಟೆಯ ನಡುವಿನ ಕಾಗದದ ಮೇಲೆ 78 ಎಂಬ ಅಂಕಿ ಇತ್ತು. ಅದೇನೆಂದು ಮೊದಲೊಮ್ಮೆ ಕೇಳಿದ್ದೆ. ಹತ್ತಿ ಅಂಡಿಗೆಗಳ ಮೇಲೆ ಬರೆಯುತ್ತಾರಲ್ಲ, ಹಾಗೇ ಅದು ಲಾಟು ನಂಬರು, ನಮ್ಮ ತಟ್ಟೆಗಳೆಲ್ಲ ಒಂದೇ ಲಾಟಿನವು ಎಂದು ಅಪ್ಪ ಹೆಮ್ಮೆಯಿಂದ ಹೇಳಿದ್ದರು. ಈಗ ಕಣ್ಣಿನ ಹತ್ತಿರ ಬಂದಾಗ ಅಂಕಿಯ ಪಕ್ಕದಲ್ಲಿ ಇರುವೆಯಂಥ ಇಂಗ್ಲಿಷ್ ಅಕ್ಷರಗಳು ಕಂಡವು. ಒಂದೊಂದೇ ಕೂಡಿಸಿ ಓದಿದೆ. ಸ್ಪೀಡ್! ನಮ್ಮ ಲಾರಿ ಡ್ರೈವರು ದಿನಕ್ಕೆ ಹತ್ತು ಸಲ ಆಡುವ ಮಾತು.

"ಅಪ್ಪಾ, ಇದು ಲಾಟಲ್ಲ, ಓಟ!" ಎಂದು ಕಿರುಚಿದೆ. "ತಟ್ಟಿ ಎಷ್ಟು ಸುತ್ತು ತಿರಗಬೇಕಂತ ಬರದಾರ!"

ಅಪ್ಪ ಬೈಯುತ್ತಾರೆಂದುಕೊಂಡೆ. ಆದರೆ ಹತ್ತಿ ಬಿಡಿಸುವ ಜಿನ್ನಿನ ಇಂಜಿನ್ನಿಗೂ ನಿಮಿಷಕ್ಕೆ ಇಷ್ಟು ಸುತ್ತು ಎಂಬ ಲೆಕ್ಕವಿರುವುದು ಅವರಿಗೆ ಗೊತ್ತಿತ್ತು. ಜೇಬಿನ ಗಡಿಯಾರ ತೆಗೆದು ಅವ್ವನ ಕೈಗೆ ಕೊಟ್ಟರು. ನಾನು ತಟ್ಟೆಯ ಅಂಚಿನ ಕೆಳಗೆ ಒಂದು ಕಾಗದದ ಚೂರು ಸಿಕ್ಕಿಸಿದೆ. ಮುಳ್ಳು ಇಟ್ಟು ಯಂತ್ರ ಬಿಟ್ಟೆವು. ಕಾಗದ ಬೆರಳಿಗೆ ತಾಗಿದ ಹಾಗೆಲ್ಲ ಎಣಿಸಿದೆ. ಒಂದು ನಿಮಿಷಕ್ಕೆ ಅವ್ವ "ಆತು" ಎಂದಾಗ ಎಂಬತ್ತೈದು!

ಅಪ್ಪನೇ ವೇಗದ ತಿರುಪನ್ನು ತಿರುಗಿಸಿದರು. ಮತ್ತೆ ಎಣಿಸಿದೆವು, ಎಂಬತ್ತೊಂದು. ಇನ್ನಷ್ಟು ತಿರುಗಿಸಿದರು, ಎಪ್ಪತ್ತೆಂಟು. ತಟ್ಟೆಯನ್ನು ಮೊದಲಿನಿಂದ ಹಚ್ಚಿದರು. ಓಟ ಇಳಿದಂತೆ ಸ್ವರವೂ ಕೆಳಗಿಳಿದಿತ್ತು. ಬಿಳಿ ಎರಡು ಒತ್ತಿದೆ. ಪೆಟ್ಟಿಗೆಯ ಸ್ವರ ಯಾವುದು, ತಟ್ಟೆಯ ಸ್ವರ ಯಾವುದು ಎಂದು ನನಗೇ ತಿಳಿಯಲಿಲ್ಲ, ಅಷ್ಟು ಕೂಡಿಹೋಯಿತು. ಕುಣಿಯಬೇಕೆನ್ನಿಸಿತು, ಕುಣಿದರೆ ಕೈ ತಪ್ಪೀತು ಎಂದು ಕೂತೆ.

ಸಂಗೀತವೇ ಬೇರೆಯಾಗಿತ್ತು. ಓಡುತ್ತಿದ್ದದ್ದು ನಡೆಯುತ್ತಿತ್ತು. ಅಡಿಯಲ್ಲಿ ದಪ್ಪ ಪಿಟೀಲುಗಳ ಸಾಲೊಂದು ಮೊದಲ ಸಲ ಕೇಳಿಸಿತು, ಯಾರೋ ದೊಡ್ಡವರು ಅಳು ನುಂಗಿಕೊಂಡು ಮಾತಾಡಿದ ಹಾಗೆ. "ಈಗ ಉಸುರು ತಗೊಳ್ಳಾಕತ್ತೈತಿ ನೋಡ್ರಿ," ಎಂದಳು ಅವ್ವ.

ಅಪ್ಪ ಕೊನೆಯವರೆಗೆ ಕೇಳಿದರು. "ಇಷ್ಟು ದಿನ ಇದನ್ನ ಓಡಿಸಿ ಓಡಿಸಿ ಸಾಯ್ಸೀನಿ," ಎಂದರು. ಆಮೇಲೆ ನನ್ನ ಕಡೆ ನೋಡದೆ, "ಪೆಟ್ಟಿಗಿ ಇಲ್ಲೇ ಇರ್ಲಿ. ಮಾಸ್ತರು ದಿನಾ ಬರ್ಲಿ."

ನಾನು ಗೆದ್ದ ಗತ್ತಿನಲ್ಲಿ ಮಾಸ್ತರನ್ನು ಅಂಗಳದವರೆಗೆ ಕಳಿಸಲು ಹೋದೆ. ಅವರು ಚಪ್ಪಲಿ ಮೆಟ್ಟುತ್ತಿದ್ದಾಗ ಕೇಳಿಯೇಬಿಟ್ಟೆ: "ನಿಮಗ ಗೊತ್ತಾಗಿರಲಿಲ್ಲೇನ್ರಿ?"

"ಮೊದಲ್ನೇ ದಿನಾನ ಗೊತ್ತಾಗಿತ್ತವ್ವಾ. ಸಾವ್ಕಾರ್ರ ಯಂತ್ರ ತಪ್ಪು ಅನ್ನಾಕ ನನಗ ಬಾಯಿ ಬರಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ನಾ ಸೋತಿದ್ರ ನನ್ನ ಪಾಠ ಹೋಗ್ತಿತ್ತು, ನಿಮ್ಮ ಕೆಲಸಾನೂ ಹೋಗ್ತಿತ್ತು. ಆಗಾದ್ರೂ ಹೇಳ್ತಿದ್ರೋ ಇಲ್ಲೋ?"

ಅವರು ಎರಡನೇ ಚಪ್ಪಲಿಯನ್ನೂ ಮೆಟ್ಟಿಕೊಂಡರು. ಸುಳ್ಳು ಹೇಳಿದ್ದರೂ ನಾನು ನಂಬುತ್ತಿದ್ದೆ.

"ಇಲ್ಲವ್ವಾ," ಎಂದರು. "ಪೆಟ್ಟಿಗಿ ಹೊತ್ಕೊಂಡು ಸುಮ್ಕ ಹೋಗ್ತಿದ್ದೆ."