ಕೂಸಿಲ್ಲದ ಬಸಿರು

ನನ್ನ ಸೊಸೆ ಮೂಡಲಗಿಯವಳು. ಹುಕ್ಕೇರಿಯ ನಮ್ಮ ಮನೆಗೆ ಬಂದ ವರ್ಷವೇ ಬಸಿರಾದಳು. ಮೂರನೆಯ ತಿಂಗಳಲ್ಲಿ ರಕ್ತ ಹೋಗತೊಡಗಿತು. ಘಟಪ್ರಭಾದ ಡಾಕ್ಟರು ಸ್ಕ್ಯಾನಿಂಗ್ ಮಾಡಿ, ಗರ್ಭದಲ್ಲಿ ಕೂಸಿಲ್ಲ, ದ್ರಾಕ್ಷಿ ಗೊಂಚಲಿನಂಥ ಗಂಟು ಬೆಳೆದಿದೆ ಎಂದು ತೆಗೆದುಹಾಕಿದರು. ಆಮೇಲೂ ತಪ್ಪದೆ ರಕ್ತ ಪರೀಕ್ಷೆಗೆ ಬರಬೇಕು ಎಂದು ಚೀಟಿ ಬರೆದುಕೊಟ್ಟರು. ಎರಡು ಸಲ ಹೋದೆವು. ಸೈನ್ಯದಲ್ಲಿರುವ ಮಗ ರಜೆ ಮುಗಿಸಿ ಗಡಿಗೆ ಹೊರಟ. ಸೊಸೆ ಆರಾಮವಾಗಿಯೇ ಇದ್ದಳು.

"ಸುಮ್ಮ ಯಾಕ ಸೂಜಿ ಚುಚ್ಚಿಸ್ಕೋತಿ, ಸಾಕ ಬಿಡವಾ," ಎಂದು ನಾನೇ ನಿಲ್ಲಿಸಿದೆ. ಮೂವತ್ತು ವರ್ಷ ಶಾಲೆಯಲ್ಲಿ ಅಕ್ಕೋರಾಗಿದ್ದವಳು, ಆ ಚೀಟಿಯನ್ನು ಎರಡನೆಯ ಸಲ ಓದಲಿಲ್ಲ.

ಆರು ತಿಂಗಳಾದ ಮೇಲೆ ಅವಳಿಗೆ ಕೆಮ್ಮು ಹತ್ತಿತು. ಒಂದು ಮುಂಜಾನೆ ಬಚ್ಚಲಿಗೆ ಓಡಿದಳು. ಹಿಂದೆಯೇ ಹೋಗಿ ನೋಡಿದರೆ ಕೆಮ್ಮಿದ್ದೆಲ್ಲ ರಕ್ತ. ಗೋಕಾಕದಲ್ಲಿ ಎಕ್ಸ್‌ರೇ ತೆಗೆಸಿದೆವು. ಎರಡೂ ಪುಪ್ಪುಸಗಳಲ್ಲಿ ದುಂಡನೆಯ ಬಿಳಿ ಕಲೆಗಳು. ಟಿ.ಬಿ. ಇರಬೇಕೆಂದು ಕಫ ನೋಡಿದರು, ಏನೂ ಸಿಗಲಿಲ್ಲ. ಅಲ್ಲಿದ್ದ ಡಾಕ್ಟರಮ್ಮ ಹಳೆಯ ಕಾಗದಗಳನ್ನು ತಿರುವಿ ಹಾಕಿ ಮೂತ್ರ ಪರೀಕ್ಷೆ ಮಾಡಿಸಿದರು.

"ಬಸಿರು ಅಂತ ತೋರಿಸಾಕತ್ತೈತ್ರಿ," ಎಂದಳು ನರ್ಸ್.

ಮಗ ಹೋಗಿ ಆರು ತಿಂಗಳಾಗಿತ್ತು. ನನಗೇ ಗೊತ್ತಿಲ್ಲದಂತೆ ಬೆರಳು ಮಡಚಿ ಎಣಿಸಿದೆ. ಸೊಸೆ ಅದನ್ನು ನೋಡಿದಳು.

"ಅತ್ತೀ, ನನ್ನ ಮ್ಯಾಲ ಸಂಶೆ ಬಂತೇನ್ರಿ?"

ಮಡಚಿದ ಬೆರಳುಗಳನ್ನು ಸೆರಗಿನಡಿ ಸರಿಸಿದೆ. ಡಾಕ್ಟರಮ್ಮನೇ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ಇದು ಹೊಸಾ ಬಸಿರಲ್ರಿ ಅಕ್ಕೋರ. ಆಗ ತೆಗದ ಗಂಟಿನ ಚೂರು ಉಳದು ಕ್ಯಾನ್ಸರ್ ಆಗೇತಿ, ರಕ್ತದ ಗುಂಟ ಪುಪ್ಪುಸಕ್ಕ ಹೋಗೇತಿ. ಬಸಿರಿನ ಹಾರ್ಮೋನು ಈ ರೋಗದಾಗೂ ಬರ್ತೈತಿ, ಅದಕ್ಕ ಹಂಗ ತೋರಿಸೇತಿ. ಭಾಳ ಅಪರೂಪ. ಆದ್ರ ಔಷಧಕ್ಕ ಬಗ್ಗೂ ರೋಗ. ಇವತ್ತ ಬೆಳಗಾವಿಗೆ ಹೊಂಡ್ರಿ."

ಬೆಳಗಾವಿ ಮುಟ್ಟಿದ ಮೂರನೆಯ ದಿನ ಅವಳಿಗೆ ಫಿಟ್ಸ್ ಬಂದು ಎಡಗೈ ಸ್ವಾಧೀನ ತಪ್ಪಿತು. ಮೆದುಳಿನಲ್ಲೂ ಒಂದು ಗಂಟಿತ್ತು, ಅದು ಒಡೆದು ರಕ್ತ ಸೋರಿತ್ತು. ಮಗ ಓಡಿ ಬಂದ. ಅವಳು ಗುರುತು ಹಿಡಿಯಲಿಲ್ಲ. ಒಂದು ಸಲ ನನ್ನ ಮಾತು ಕೇಳಿಸುವಷ್ಟಾದರೂ ಎಚ್ಚರ ಬರಲಿ ಎಂದು ಬೇಡಿಕೊಳ್ಳುತ್ತ ಆ ವಾರವೆಲ್ಲ ಹಾಸಿಗೆಯ ಪಕ್ಕ ಕೂತಿದ್ದೆ.

ಎಚ್ಚರ ಬಂತು.

"ನಂದು ತಪ್ಪಾತವಾ," ಎಂದೆ.

ಅವಳು ಗೋಡೆಯ ಕಡೆ ತಿರುಗಿದಳು. "ನಿಮ್ಮ ಮಗನ ಮುಂದ ಹೇಳಬ್ಯಾಡ್ರಿ," ಎಂದಳು.

ಎಂಟು ತಿಂಗಳು ಕಿಮೋ ನಡೆಯಿತು. ಕೂದಲು ಉದುರಿತು, ಬಾಯೆಲ್ಲ ಹುಣ್ಣಾಯಿತು. ಕಡೆಗೆ ಆ ಹಾರ್ಮೋನು ರಕ್ತದಲ್ಲಿ ಇಲ್ಲವಾಯಿತು. ಪುಪ್ಪುಸದ ಕಲೆಗಳೂ ಕರಗಿದವು. ಎಡಗೈ ಮಾತ್ರ ಪೂರ್ತಿ ಸುಧಾರಿಸಲಿಲ್ಲ. ಆಸ್ಪತ್ರೆಯಿಂದ ನೇರ ತವರಿಗೆ ಹೋಗುತ್ತೇನೆಂದಳು. ನಾನು ತಡೆಯಲಿಲ್ಲ. ಆಗ, ಗಡಿಗೆ ಮರಳಿದ್ದ ಮಗನಿಗೆ ಪರೀಕ್ಷೆ ನಿಲ್ಲಿಸಿದ್ದನ್ನೂ ಬೆರಳು ಎಣಿಸಿದ್ದನ್ನೂ ನಾನೇ ಹೇಳಿದೆ. ಅವನು ಎರಡು ವಾರ ನನಗೆ ಫೋನ್ ಮಾಡಲಿಲ್ಲ.

ಈಗ ತಿಂಗಳಿಗೊಮ್ಮೆ ಮೂಡಲಗಿಗೆ ಹೋಗಿ, ಅವಳನ್ನು ಬೆಳಗಾವಿಗೆ ಪರೀಕ್ಷೆಗೆ ಕರೆದೊಯ್ಯುತ್ತೇನೆ. ಮೊದಮೊದಲು ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿಯೇ ಕೂರುತ್ತಿದ್ದಳು. ಹೋದ ತಿಂಗಳು ಗೋಕಾಕ ದಾಟಿದ ಮೇಲೆ, "ಮನ್ಯಾಗ ಒಬ್ರ ಇರ್ತೀರಿ, ಅಡಗಿ ಮಾಡ್ಕೋತೀರಿಲ್ಲೋ?" ಎಂದು ಕೇಳಿದಳು. ಮಾಡಿಕೊಳ್ಳುತ್ತೇನೆ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.