ಸಂಜೀವಪ್ಪ ಸೋತ ವಾದ

ಬ್ಯಾಂಡ್‌ಸೆಟ್ಟಿನ ಕೆಲಸವೆಂದರೆ ಮುಕ್ಕಾಲು ಪಾಲು ಕಾಯುವುದು. ಗಂಡಿನ ಕಡೆಯವರು ನಾಲ್ಕಕ್ಕೆ ಬನ್ನಿ ಎನ್ನುತ್ತಾರೆ, ಕುದುರೆ ಬರುವುದು ಏಳಕ್ಕೆ. ಕೆಂಪು ಕೋಟು ತೊಟ್ಟು ಛತ್ರದ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆವರುತ್ತ ಕೂತವರಿಗೆ ಜಗಳವಾಡಲು ಏನಾದರೂ ಬೇಕಲ್ಲ. ಶಿವಾಜಿನಗರದ ನಮ್ಮ ಬ್ಯಾಂಡಿನಲ್ಲಿ ಇಪ್ಪತ್ತು ವರ್ಷದಿಂದ ಒಂದೇ ಜಗಳ: ಇವತ್ತು ಬದುಕಿರುವ ಜಾಝ್ ಟೆನರ್ ಸ್ಯಾಕ್ಸೋಫೋನ್ ವಾದಕರಲ್ಲಿ ಯಾರು ದೊಡ್ಡವರು?

ಜಗಳ ಹಚ್ಚಿದವನು ಸಂಜೀವಪ್ಪ. ದೊಡ್ಡನೆಕ್ಕುಂದಿಯವನು, ಹಲಸೂರಿಗೆ ಬಂದು ನೆಲೆಸಿದವನು. ಪ್ರಾಯದಲ್ಲಿ ಕಂಟೋನ್ಮೆಂಟಿನ ಹೋಟೆಲೊಂದರ ಡಾನ್ಸ್ ಬ್ಯಾಂಡಿನಲ್ಲಿ ಟೆನರ್ ಊದುತ್ತಿದ್ದ. ಅಲ್ಲಿ ಯಾರೋ ಕೊಟ್ಟ ಕ್ಯಾಸೆಟ್ಟುಗಳು ಅವನ ತಲೆ ಕೆಡಿಸಿದವು. ಹೋಟೆಲು ಡಾನ್ಸು ನಿಲ್ಲಿಸಿದ ಮೇಲೆ ಮದುವೆ ಮೆರವಣಿಗೆಗೆ ಬಂದ. ನನಗೆ ಟ್ರಂಪೆಟ್ ಹೊಟ್ಟೆಪಾಡು. ಅವನಿಗೆ ಟೆನರ್ ಹಾಗಲ್ಲ, ಅದೇ ನನಗೆ ಒಮ್ಮೊಮ್ಮೆ ಹೊಟ್ಟೆಕಿಚ್ಚು.

ನಮ್ಮಲ್ಲಿ ಯಾರೂ ಆ ದೊಡ್ಡವರನ್ನು ಎದುರಿಗೆ ಕೂತು ಕೇಳಿದವರಲ್ಲ. ಎಲ್ಲ ಫೋನಿನಲ್ಲೇ. ಸಂಜೀವಪ್ಪ ಸನ್ನಿ ರಾಲಿನ್ಸ್‌ನ ಹಳೆಯ ಕಛೇರಿ ಹಾಕಿ ನಮ್ಮ ಮೂಗಿಗೆ ಹಿಡಿಯುತ್ತಿದ್ದ.

"ನೋಡು, ಸ್ಟೇಜ್ ತುಂಬಾ ನಡೀತಾ ಊದ್ತಾನೆ. ನಮ್ಮೋನು ಕಣಯ್ಯ!"

ಬ್ಯಾಂಡಿನ ಯಜಮಾನ, ಕ್ಲಾರಿನೆಟ್ಟಿನ ಕರೀಂ, ಚಾರ್ಲ್ಸ್ ಲಾಯ್ಡ್ ಪಕ್ಷ. "ಅರೆ, ನಿಮ್ಮೋನು ಊದೋದು ಬಿಟ್ಟು ಎಷ್ಟು ವರ್ಷ ಆಯ್ತು? ನಮ್ಮೋನು ಎಂಬತ್ತೈದಕ್ಕೂ ಸ್ಟೇಜ್ ಹತ್ತುತ್ತಾನೆ. ಬಿಟ್ಟೋನು ಲೆಕ್ಕಕ್ಕಿಲ್ಲ, ಅಣ್ಣ."

"ಉಸಿರು ಕೈಕೊಟ್ರೆ ಅವನೇನ್ ಮಾಡ್ತಾನೆ? ತಲೆಯೊಳಗೆ ಊದ್ತಾನೇ ಇರ್ತಾನೆ."

ಆ ಮಾತಿನಲ್ಲಿ ಅಷ್ಟು ಬಿಸಿ ಏಕಿತ್ತೆಂದು ನನಗೆ ಗೊತ್ತಿತ್ತು. ಇದು ಎರಡು ಸಾವಿರದ ಇಪ್ಪತ್ಮೂರರ ಮಾತು. ಜನವರಿಯಲ್ಲಿ ಅವನನ್ನು ಆಸ್ಪತ್ರೆಗೆ ಕರೆದೊಯ್ದವನು ನಾನೇ. ಇನ್ನು ಊದಲೇಬೇಡಿ ಎಂದಿದ್ದರು ಡಾಕ್ಟರು.

"ಕರೀಂಗೆ ಹೇಳ್ಬೇಡ ಮಧು," ಎಂದು ಬಸ್‌ಸ್ಟಾಪಿನಲ್ಲಿ ನನ್ನ ಕೈ ಹಿಡಿದುಕೊಂಡಿದ್ದ. "ಹೇಳಿದ್ರೆ ಕೈಗೆ ತಾಳ ಕೊಟ್ಟು ಹಿಂದೆ ನಿಲ್ಲಿಸ್ತಾನೆ. ಟೆನರ್ ಇಲ್ದಿದ್ರೆ ನಾನು ಯಾರು ಹೇಳು."

ನಮ್ಮಲ್ಲೊಂದು ರೂಢಿಯಿದೆ. ಮೆರವಣಿಗೆಯಲ್ಲಿ ಉಸಿರು ಸೋತವನು ವಾದ್ಯ ಕೆಳಗಿಳಿಸುವಂತಿಲ್ಲ. ತುಟಿಗಿಟ್ಟುಕೊಂಡೇ ಬೆರಳು ಮಾತ್ರ ಆಡಿಸುತ್ತ ಎರಡು ನಿಮಿಷ ಸುಧಾರಿಸಿಕೊಳ್ಳುತ್ತಾನೆ. ಪಕ್ಕದವನು ಜೋರಾಗಿ ಊದಿ ಆ ಕೊರತೆ ಮುಚ್ಚುತ್ತಾನೆ. ಎಲ್ಲರೂ ಮಾಡುವುದೇ. ಸಂಜೀವಪ್ಪ ಮಾತ್ರ ನಾಲ್ಕು ತಿಂಗಳು ಮೆರವಣಿಗೆ ಪೂರ್ತಿ ಅದನ್ನೇ ಮಾಡಿದ, ನಾನು ಪೂರ್ತಿ ಮುಚ್ಚಿದೆ. ನನ್ನ ತುಟಿ ಒಡೆಯಿತು. ಮನೆಗೆ ಬಂದರೆ ಅನ್ನ ನುಂಗಲೂ ಬೇಸರ. ಎಷ್ಟೋ ಸಲ ಮನಸ್ಸಿನಲ್ಲೇ ಅವನನ್ನು ಬೈದಿದ್ದೇನೆ, ಸುಳ್ಳೇಕೆ ಹೇಳಲಿ.

ಮೇ ತಿಂಗಳಲ್ಲಿ ಹೊರಮಾವಿನ ಮದುವೆ. ಛತ್ರ ಇನ್ನೂ ದೂರವಿತ್ತು. ಊದುವವರು ನಾವು ಮೂವರೇ. ಕರೀಂ ಕ್ಲಾರಿನೆಟ್ ಕಂಕುಳಲ್ಲಿಟ್ಟುಕೊಂಡು ಗಂಡಿನ ಮಾವನ ಜೊತೆ ಮಾತಾಡುತ್ತಿದ್ದ. ನನಗೆ ಇನ್ನು ಆಗಲಿಲ್ಲ. ಒಂದೇ ಒಂದು ನಿಮಿಷ ಎಂದುಕೊಂಡು ನಾನೂ ಬೆರಳಾಡಿಸತೊಡಗಿದೆ. ಪಕ್ಕದಲ್ಲಿದ್ದವನು ಸಂಜೀವಪ್ಪ ಎಂಬುದು ದಣಿವಿನಲ್ಲಿ ಮರೆತೇಹೋಗಿತ್ತು. ಹಾಡು ಮಾಯವಾಯಿತು. ಡ್ರಮ್ಮು ಮಾತ್ರ ಬಡಿಯುತ್ತಿತ್ತು. ಕರೀಂ ತಿರುಗಿ ನೋಡಿದ. ನಾವಿಬ್ಬರೂ ಗಂಭೀರವಾಗಿ ಕೆನ್ನೆ ಉಬ್ಬಿಸಿಕೊಂಡು ಬೆರಳಾಡಿಸುತ್ತ ನಡೆಯುತ್ತಿದ್ದೆವು. ಕುಣಿಯುವವರು ಕುಣಿಯುತ್ತಲೇ ಇದ್ದರು.

ಛತ್ರದ ಹಿಂದೆ ಊಟಕ್ಕೆ ಕೂತಾಗ ಕರೀಂ ಬೈಯಲಿಲ್ಲ. ಸಂಜೀವಪ್ಪನೇ ಬಾಯಿಬಿಟ್ಟ.

"ಜನವರಿಯಿಂದ ಒಂದು ಸ್ವರ ಊದಿಲ್ಲ, ಭಾಯ್. ಎದೇಲಿ ಗಾಳಿ ಇಲ್ಲ. ನಿನ್ನ ಮಾತೇ ಸರಿ. ಬಿಟ್ಟೋನು ಲೆಕ್ಕಕ್ಕಿಲ್ಲ."

ಆ ವಾದ ಗೆಲ್ಲಲು ವರ್ಷಗಟ್ಟಲೆ ಬಡಿದಾಡಿದ್ದ ಕರೀಂ ಎಲೆಯ ಮುಂದಿನಿಂದ ಎದ್ದೇಬಿಟ್ಟ.

"ಯಾರ್ ಹೇಳಿದ್ದು? ಬದುಕಿರೋ ತನಕ ಲೆಕ್ಕಕ್ಕೆ ಇದಾನೆ! ರಾಲಿನ್ಸೇ ದೊಡ್ಡೋನು, ಹೋಗ್ಲಿ ಬಿಡು, ಒಪ್ಕೊಂಡೆ. ನಾಡಿದ್ದು ಗರುಡಾಚಾರ್‌ಪಾಳ್ಯದಲ್ಲಿ ಮದುವೆ ಇದೆ. ನೀನು ಬಾ ಅಣ್ಣ. ಬೆರಳಾಡಿಸ್ಕೊಂಡೇ ಬಾ. ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗಲ್ಲ," ಎಂದ ಸಂಜೀವಪ್ಪ. "ಅದೇ ನನಗೆ ಸಾಕಾಗಿರೋದು. ನಾಲ್ಕು ತಿಂಗಳಲ್ಲಿ ಒಬ್ಬರಾದ್ರೂ ಕೇಳ್ತಾರೆ ಅಂತ ಕಾದೆ."

ಗರುಡಾಚಾರ್‌ಪಾಳ್ಯದ ಮದುವೆಗೆ ಅವನು ಬರಲಿಲ್ಲ. ನಾನೂ ಕರೀಮನೂ ಇಬ್ಬರೇ ಊದಿದೆವು. ಬಸ್‌ಸ್ಟ್ಯಾಂಡಿನಿಂದ ಛತ್ರದವರೆಗೆ ನಡೆದರೂ ಟೆನರ್ ಎಲ್ಲಿ ಎಂದು ಯಾರೂ ಕೇಳಲಿಲ್ಲ.