ಮಸಿಕಾಗದದ ಮೇಲಿನ ಹೆಬ್ಬೆಟ್ಟು

ಅವನ ಕೈಗಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಐವತ್ತರ ದಶಕದ ನಡುವಿನಲ್ಲಿ ಮುಂಬಯಿಯ ಒಂದು ಕಾಲೇಜಿನ ಶರೀರಕ್ರಿಯಾಶಾಸ್ತ್ರ ವಿಭಾಗದಲ್ಲಿ ಕನ್ನಡ ಮಾತಾಡುವ ಸಂಶೋಧನಾ ವಿದ್ಯಾರ್ಥಿಗಳೆಂದರೆ ನಾವಿಬ್ಬರೇ. ನಾನು ಧಾರವಾಡದವನು, ಕುರ್ಲಾದ ಚಾಳಿನಲ್ಲಿ ವಾಸ. ಅವನು ಉಡುಪಿ ಕಡೆಯವನು. ಬೈಕುಲ್ಲಾದಲ್ಲಿ ಸೋದರಮಾವನ ಹೋಟೆಲಿನ ಮಾಳಿಗೆಯಲ್ಲಿದ್ದುಕೊಂಡು, ಬೆಳಿಗ್ಗೆ ಒಂದು ತಾಸು ದೋಸೆ ಎರೆದು ಲ್ಯಾಬಿಗೆ ಬರುತ್ತಿದ್ದ. ಕಪ್ಪೆಯ ತೊಡೆಯಿಂದ ಬಿಳಿ ದಾರದಂಥ ನರವನ್ನು ಬಿಡಿಸುವಾಗಲೂ ಅವನ ಮಣಿಕಟ್ಟು ಕಾವಲಿಯ ಮೇಲೆ ತಿರುಗಿದಷ್ಟೇ ಸಲೀಸು. ನನ್ನ ಅಂಗೈ ಬೆವರುತ್ತಿತ್ತು. ನಾನು ಬಿಡಿಸಿದ ನರ ಅರ್ಧ ಗಂಟೆಗೇ ಸಾಯುತ್ತಿತ್ತು. ಅವನದು, ನಾವು ಮಧ್ಯಾಹ್ನ ಊಟ ಮುಗಿಸಿ ಬಂದರೂ, ವಿದ್ಯುತ್ ಮುಟ್ಟಿಸಿದೊಡನೆ ಸ್ನಾಯುವನ್ನು ಕುಣಿಸುತ್ತಿತ್ತು.

"ಏನ್ ಮಂತ್ರಾ ಹಾಕ್ತೀಯಲೇ?" ಎಂದು ಕೇಳಿದರೆ, "ಎಂತ ಮಂತ್ರ ಮಾರಾಯ? ಹಿಟ್ಟಿನ ಹದ ನೋಡಿದ ಹಾಗೆ," ಎಂದು ನಗುತ್ತಿದ್ದ. ಆ ನಗೆಯೂ ನನಗೆ ಸೇರುತ್ತಿರಲಿಲ್ಲ.

ದಣಿದ ಸ್ನಾಯು ವಿಶ್ರಾಂತಿಯ ನಂತರ ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದು ನಮ್ಮ ಪ್ರೊಫೆಸರರ ವಿಷಯ. ದಣಿವೂ ಚೇತರಿಕೆಯೂ ಒಂದೇ ಕಾಗದದಲ್ಲಿ ತಡೆಯಿಲ್ಲದೆ ಮೂಡಿದ ಗೆರೆ ಅವರಿಗೆ ಬೇಕಿತ್ತು. ಫೆಲೋಶಿಪ್ ಇದ್ದದ್ದು ಒಂದು. ಯಾರ ಗೆರೆ ಅವರ ಲೇಖನದ ಜೊತೆ ಹೋಗುತ್ತದೋ ಅವನು ಮುಂದಿನ ವರ್ಷ ಉಳಿಯುತ್ತಾನೆ. ನನಗೆ ಸಿಗದಿದ್ದರೆ ಹುಬ್ಬಳ್ಳಿಯಲ್ಲಿ ಭಾವನ ಬಟ್ಟೆ ಅಂಗಡಿಯಲ್ಲಿ ಗಜಕೋಲು ಹಿಡಿಯಬೇಕೆಂದು ಅಪ್ಪ ಬರೆದಿದ್ದರು. ಆ ಪತ್ರವನ್ನು ಅವನಿಗೂ ಓದಲು ಕೊಟ್ಟಿದ್ದೆ.

ಆಗ ಗೆರೆ ಮೂಡುತ್ತಿದ್ದದ್ದು ಮಸಿಯಲ್ಲಿ. ನುಣುಪು ಕಾಗದವನ್ನು ಉರುಳೆಗೆ ಸುತ್ತಿ, ಸೀಮೆಎಣ್ಣೆ ದೀಪದ ಹೊಗೆ ಹಿಡಿಸಿ ಕಪ್ಪಾಗಿಸುತ್ತಿದ್ದೆವು. ಉರುಳೆ ತಿರುಗಿದಂತೆ, ಸ್ನಾಯುವಿಗೆ ಕಟ್ಟಿದ ಕಡ್ಡಿಯ ಮೊನೆ ಮಸಿಯನ್ನು ಗೀರಿ ಬಿಳಿ ಗೆರೆ ಎಳೆಯುತ್ತಿತ್ತು. ಅಂಗಿಯ ತೋಳು ತಾಗಿದರೂ ಅಳಿಸಿಹೋಗುವ ಗೆರೆ ಅದು. ಉಳಿಸಬೇಕಾದರೆ ಇಬ್ಬರು ಕಾಗದದ ಎರಡು ತುದಿ ಹಿಡಿದು ಅರಗಿನ ವಾರ್ನಿಶ್ ತಟ್ಟೆಯಲ್ಲಿ ಅದ್ದಿ ಎಳೆಯಬೇಕು. ಒಬ್ಬನಿಂದ ಆಗುವ ಕೆಲಸವಲ್ಲ. ಹೀಗಾಗಿ ಅವನ ಪ್ರತಿಯೊಂದು ಗೆರೆಯ ಒಂದು ತುದಿ ನನ್ನ ಕೈಯಲ್ಲಿರುತ್ತಿತ್ತು.

ಲೇಖನ ಅಂಚೆಗೆ ಹೋಗಬೇಕಿದ್ದ ದಿನವೇ ಅವನಿಗೆ ಆ ಗೆರೆ ಒಲಿಯಿತು. ಎದ್ದು, ಕುಗ್ಗಿ, ಪೂರ್ತಿ ಮಲಗಿ, ಮತ್ತೆ ಮೆಲ್ಲಗೆ ತಲೆಯೆತ್ತಿದ ಸಾಲು. ನನ್ನದೂ ಒಂದಿತ್ತು, ಕುಂಟುತ್ತ ಹೇಗೋ ಕೊನೆ ಮುಟ್ಟಿದ್ದು.

"ಹಿಡಿ ಮಾರಾಯ," ಎಂದ. ಬಲತುದಿಯನ್ನು, ಚೇತರಿಕೆ ಮೂಡಿದ್ದ ತುದಿಯನ್ನು, ನಾನು ಹಿಡಿದೆ. ಹೆಬ್ಬೆರಳನ್ನು ಒಂದಂಗುಲ ಒಳಗೆ ಸರಿಸಿದೆ. ನನಗೆ ನೆನಪಿರುವುದು ಹೀಗೆ. ಬೆವರಿಗೆ ಮಸಿ ಅಂಟಿದ್ದು ನೆನಪಿದೆ, ಬೀದಿಯಲ್ಲಿ ಟ್ರಾಮಿನ ಗಂಟೆ ಬಾರಿಸಿದ್ದೂ ನೆನಪಿದೆ. ಕಾಗದ ವಾರ್ನಿಶ್‌ನಿಂದ ಮೇಲೆದ್ದಾಗ ಸ್ನಾಯು ಚೇತರಿಸಿಕೊಂಡ ಜಾಗದಲ್ಲಿ ಒಂದು ಹೆಬ್ಬೆಟ್ಟು ಕೂತಿತ್ತು.

"ಹೋಗ್ಲಿ ಬಿಡು," ಎಂದ ಅವನು. "ಬೊಂಬಾಯಿಯಲ್ಲಿ ಕಪ್ಪೆಗೆ ಬರಗಾಲವಾ?"

ಸಂಜೆ ನನ್ನ ಕುಂಟು ಗೆರೆ ಅಂಚೆಗೆ ಹೋಯಿತು. ನಾನು ಉಳಿದೆ. ಅವನು ಮಾವನ ಹೋಟೆಲಿಗೆ ಹೋದ.

ಆಮೇಲೆ ಇಡೀ ಉದ್ಯೋಗಜೀವನ ನರಮಂಡಲದ ಪಾಠ ಹೇಳಿದೆ. ಕಣ್ಣನ್ನೂ ಕಿವಿಯನ್ನೂ ಸುಲಭಕ್ಕೆ ನಂಬಬೇಡಿ ಎಂದು ಹುಡುಗರಿಗೆ ಹೇಳುತ್ತಿದ್ದೆ. ಈ ಒಂದು ಪಾಪವನ್ನು ಮಾತ್ರ ಸಂಶಯಪಡದೆ ನಂಬಿ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಹೋದ ವರ್ಷ ಅವನು ಜೋಗೇಶ್ವರಿಗೆ ಮನೆ ಬದಲಿಸಿದ. ಸಾಮಾನು ಕಟ್ಟುವಾಗ ಸಿಕ್ಕಿತೆಂದು ಆ ಕಾಗದವನ್ನು ನನಗೆ ಕಳಿಸಿಕೊಟ್ಟ. ಅರಗು ಹಳದಿಯಾಗಿತ್ತು, ಹೆಬ್ಬೆಟ್ಟಿನ ಗೀರುಗಳು ಒಂದೂ ಮಾಸಿರಲಿಲ್ಲ.

ಸ್ಟಾಂಪ್ ಪ್ಯಾಡಿಗೆ ನನ್ನ ಎರಡೂ ಹೆಬ್ಬೆರಳು ಒತ್ತಿ, ಭೂತಗನ್ನಡಿ ಹಿಡಿದು ಹೋಲಿಸಿದೆ. ನನ್ನವು ಕುಣಿಕೆಯಂತೆ ಬಾಗಿ ಮರಳುವ ಗೆರೆಗಳು. ಕಾಗದದಲ್ಲಿದ್ದದ್ದು ದುಂಡನೆಯ ಸುಳಿ. ಆ ಕಾಗದ ಮುಟ್ಟಿದವರು ನಾವಿಬ್ಬರೇ. ಹಾಗಾದರೆ ಬಲತುದಿ ಇದ್ದದ್ದು ಅವನ ಕೈಯಲ್ಲಿ, ನಾನು ಹಿಡಿದದ್ದು ಎಡತುದಿ. ಮಾಡಬೇಕೆಂದು ಎಷ್ಟು ಆಸೆಪಟ್ಟಿದ್ದೆನೋ ಏನೋ, ಮಿದುಳು ಮಾಡಿದೆನೆಂದೇ ಬರೆದುಕೊಂಡಿತ್ತು, ಟ್ರಾಮಿನ ಗಂಟೆಯನ್ನೂ ಸೇರಿಸಿಕೊಂಡು.

ನಿರಾಳ ಒಂದು ದಿನ ಇತ್ತು. ಮರುದಿನ ಲೋಕಲ್‌ನಲ್ಲಿ ನಿಂತಿದ್ದಾಗ ಹೊಳೆಯಿತು: ಅವನ ಕೈ ಜಾರುವ ಕೈಯಲ್ಲ. ಅಪ್ಪನ ಪತ್ರವನ್ನು ಅವನು ಓದಿದ್ದ. ಬೈಕುಲ್ಲಾದಲ್ಲಿ ಇಳಿದೆ.

ಮಾವನ ನಂತರ ಅವನದೇ ಆಗಿದ್ದ ಹೋಟೆಲಿನಲ್ಲಿ ನನ್ನನ್ನು ಕಂಡವನೇ, "ಬನ್ನಿ ಬನ್ನಿ, ಕಪ್ಪೆ ಪ್ರೊಫೆಸರ್ರು!" ಎಂದು ತಾನೇ ಕಾವಲಿಗೆ ಹೋಗಿ ದೋಸೆ ಎರೆದು ತಂದಿಟ್ಟ.

"ಆ ಹೆಬ್ಬೆಟ್ಟು ನಿಂದು," ಎಂದೆ. "ಬೇಕಂತನ ಮಾಡಿದ್ಯೋ?"

"ಯಾರಿಗೆ ನೆನಪುಂಟು ಮಾರಾಯ? ಜಾರಿರಬೇಕು."

"ನಿನ್ನ ಕೈ ಯಾವಾಗರ ಜಾರ್ಯಾವೇನು?"

ಅವನು ನನ್ನ ಮುಖ ನೋಡಲಿಲ್ಲ. ಚಟ್ನಿ ಬಡಿಸಿದ. "ಒಂದು ಕಪ್ಪೆಗೆ ಎಷ್ಟು ವರ್ಷ ಶ್ರಾದ್ಧ ಮಾಡ್ತೀಯಾ? ದೋಸೆ ಆರ್ತದೆ, ತಿನ್ನು."

ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದ ಒಂದೇ ಒಂದು ಕೆಲಸವೂ ನನ್ನದಲ್ಲ. ಅದನ್ನೂ ಅವನೇ, ನನಗಿಂತ ಚೊಕ್ಕವಾಗಿ, ಮಾಡಿ ಮುಗಿಸಿದ್ದ. ತಿನ್ನುವ ಮೊದಲು ದೋಸೆಯ ಅಂಚನ್ನು ನೋಡಿದೆ. ಸುತ್ತಲೂ ಒಂದೇ ಸಮ. ಎಲ್ಲಿಯೂ ಕೈ ನಡುಗಿದ ಗುರುತಿರಲಿಲ್ಲ.